ಗಾಳದ ವಿನೋದವೂ ಶ್ರಾವಕನ ವ್ರತವೂ

ಕುಣಿಗಲ್ ತಾಲ್ಲೂಕಿನ ಹುತ್ರಿದುರ್ಗದ ನೆತ್ತಿಯಿಂದ ನೋಡಿದರೆ, ಕೆಂಪೇಗೌಡರ ಕಾಲದ ಕೋಟೆಗೋಡೆಗಳ ಕೆಳಗೆ, ಮಳೆ ಚೆನ್ನಾಗಿ ಆದ ವರ್ಷಗಳಲ್ಲಿ, ಬಯಲಿನ ಉದ್ದಕ್ಕೂ ಕೆರೆಗಳು ಕಾಣುತ್ತವೆ. ಜನಪದ ಗೀತೆಯಿಂದಾಗಿ ನಾಡಿಗೆಲ್ಲ ಹೆಸರಾದ ಕುಣಿಗಲ್ ದೊಡ್ಡಕೆರೆ ಈ ಸೀಮೆಯದು. ಸ್ವಯಂಚಾಲಿತ ಸೈಫನ್ನುಗಳಿಗೆ ಪ್ರಸಿದ್ಧವಾದ, ಶಿಂಷಾ ನದಿಯ ಮಾರ್ಕೋನಹಳ್ಳಿ ಜಲಾಶಯವೂ ಇದೇ ತಾಲ್ಲೂಕಿನದು. ಇನ್ನೂ ಬಡಗಲಿಗೆ, ತುಮಕೂರಿನ ಸಮೀಪದಲ್ಲಿ, ಬಸದಿ ಬೆಟ್ಟವೆಂದು ಜನ ಕರೆಯುವ ಮಂದರಗಿರಿಯ ಬುಡದಲ್ಲಿಯೇ ಮೈದಾಳ ಕೆರೆ ಹರಡಿಕೊಂಡಿದೆ. ಬೆಟ್ಟದ ಮೇಲಿನ ಬಸದಿಗಳಲ್ಲಿ ಅಭಿಷೇಕ ಮುಗಿಸಿ ಮೆಟ್ಟಿಲಿಳಿಯುವ ಯಾತ್ರಿಕನಿಗೆ ಮೊದಲು ಕಾಣುವುದು ಆ ನೀರು.

ಬೆಂಗಳೂರಿನಿಂದ ಎರಡು ಗಂಟೆಯ ದಾರಿಯಲ್ಲಿರುವ ಈ ಬೆಟ್ಟ-ಕೆರೆಗಳಿಗೆ ಶನಿವಾರ, ಭಾನುವಾರಗಳಂದು ಗೆಳೆಯರ ಗುಂಪುಗಳು ಬರುತ್ತವೆ. ಬೆಳಗ್ಗೆ ದುರ್ಗ ಹತ್ತುವುದು, ಮಧ್ಯಾಹ್ನ ಬುತ್ತಿ ಬಿಚ್ಚುವುದು, ಸಂಜೆ ನೀರಿನಂಚಿನಲ್ಲಿ ಗಾಳದ ಕೋಲು ಹಿಡಿದು ಕೂರುವುದು. ಇಂಥ ಗುಂಪಿನಲ್ಲಿ ಜೈನ ಮನೆತನದ ತರುಣನೊಬ್ಬನಿದ್ದರೆ ಈಗ ಯಾರೂ ಬೆರಗಾಗುವುದಿಲ್ಲ. ಅವನ ಮನೆಯವರೂ ಬೆರಗಾಗುವುದಿಲ್ಲ ಎಂಬುದೇ ಇಲ್ಲಿ ವಿಚಾರಿಸಬೇಕಾದ ಸಂಗತಿ. ಮಗನು ಮಾಂಸದ ಹೋಟೆಲಿನಲ್ಲಿ ಕುಳಿತಿದ್ದನೆಂದು ಯಾರಾದರೂ ಬಂದು ಹೇಳಿದರೆ ಎರಡು ದಿನ ಒಲೆ ಹಚ್ಚದ ಮನೆಗಳಿವೆ. ಅದೇ ಮಗನು ದಿನವಿಡೀ ಮೀನಿನ ಬಾಯಿಗೆ ಕೊಕ್ಕೆ ಹಾಕಿ ಕುಳಿತಿದ್ದನೆಂದರೆ, ತಿನ್ನಲಿಲ್ಲವಲ್ಲ ಎಂಬ ಸಮಾಧಾನ ಸಾಕಾಗುತ್ತದೆ.

ಕಡಲಾಚೆಯ ಕುಟುಂಬಗಳಲ್ಲಿ ಈ ಪ್ರಶ್ನೆ ಇನ್ನಷ್ಟು ತೀಕ್ಷ್ಣವಾಗಿ ಎದುರಾಗುತ್ತದೆ. ಅಮೆರಿಕದ ಶಿಕಾಗೊ ನಗರದ ಸಮೀಪ ಬಾರ್ಟ್‌ಲೆಟ್‌ನಲ್ಲಿ 1993ರಲ್ಲಿ ಪ್ರತಿಷ್ಠೆಗೊಂಡ ಜಿನಾಲಯವಿದೆ. ಅದೇ ನಗರದ ಮಗ್ಗುಲಲ್ಲಿ ಸುಮಾರು 58,000 ಚದರ ಕಿಲೋಮೀಟರು ವಿಸ್ತಾರದ ಮಿಶಿಗನ್ ಸರೋವರವಿದೆ. ಬೇಸಗೆ ಬಂದೊಡನೆ ಕಛೇರಿಯ ಗೆಳೆಯರು ಸೇರಿ ಬಾಡಿಗೆ ದೋಣಿ ಗೊತ್ತುಮಾಡುತ್ತಾರೆ. ದೋಣಿಯನ್ನು ನಿಧಾನವಾಗಿ ನಡೆಸುತ್ತ ಅದರ ಹಿಂದೆ ಹಲವು ಗಾಳಗಳನ್ನು ಎಳೆದೊಯ್ಯುವ ಈ ಕ್ರಮಕ್ಕೆ ಟ್ರೋಲಿಂಗ್ ಎಂದು ಹೆಸರು. ಭಾರದ ಗುಂಡುಗಳನ್ನು ಕಟ್ಟಿ ಕೊಕ್ಕೆಗಳನ್ನು ಬೇಕಾದ ಆಳಕ್ಕೆ ಇಳಿಸುತ್ತಾರೆ. ಕೊಕ್ಕೆಯ ತುದಿಯಲ್ಲಿ ಮರಿಮೀನಿನಂತೆ ಹೊಳೆಯುವ ಲೋಹದ ತಗಡು ತಿರುಗುತ್ತಿರುತ್ತದೆ. ಅದನ್ನು ಆಹಾರವೆಂದು ನಂಬಿ ಬಾಯಿ ಹಾಕುವುದು ಸಾಲ್ಮನ್ ಮೀನು.

ಈ ಸಾಲ್ಮನ್ ಆ ಸರೋವರದಲ್ಲಿ ಹುಟ್ಟಿ ಬಂದ ಮೀನಲ್ಲ, ಪೆಸಿಫಿಕ್ ಸಾಗರದ ಕಡೆಯದು. 1966ರಲ್ಲಿ ಮಿಶಿಗನ್ ರಾಜ್ಯದವರು ಕೋಹೋ ಜಾತಿಯನ್ನೂ ಮರುವರ್ಷ ಚಿನೂಕ್ ಜಾತಿಯನ್ನೂ ತಂದು ಬಿಟ್ಟರು. ಕಡಲಿನಿಂದ ನುಸುಳಿ ಬಂದು ಮಿತಿಮೀರಿ ಬೆಳೆದಿದ್ದ ಏಲ್‌ವೈಫ್ ಎಂಬ ಸಣ್ಣ ಮೀನನ್ನು ಇದು ತಿಂದು ಕಡಮೆ ಮಾಡಲಿ ಎಂಬುದು ಒಂದು ಉದ್ದೇಶ. ಗಾಳದ ಕ್ರೀಡೆಗೆ ತಕ್ಕ ದೊಡ್ಡ ಮೀನು ದೊರೆಯಲಿ ಎಂಬುದು ಇನ್ನೊಂದು. ಒಂದು ಜೀವಿಯನ್ನು ಸಾಕಿ, ತಂದು, ನೀರಿಗೆ ಬಿಡುವುದರ ಹಿಂದೆಯೇ ಅದನ್ನು ಕೊಕ್ಕೆಗೆ ಸಿಕ್ಕಿಸುವ ಸಂತೋಷದ ಲೆಕ್ಕಾಚಾರವಿತ್ತು. ಇಂಥ ದೋಣಿಯಲ್ಲಿ ಒಂದು ದಿನ ಕಳೆಯುವ ಆಹ್ವಾನ ಬಂದಾಗ ಶ್ರಾವಕನು ಏನೆನ್ನಬೇಕು?

ಈ ಪ್ರಶ್ನೆಗೆ ಶಾಸ್ತ್ರದ ಉತ್ತರ ಮಸುಕಾಗಿಲ್ಲ. ಮೀನು ಜಲಚರ ಪಂಚೇಂದ್ರಿಯ ಜೀವ. ಶ್ರಾವಕನು ಬಿಡಬೇಕಾದ ಸಪ್ತವ್ಯಸನಗಳಲ್ಲಿ ಆಖೇಟವೂ ಒಂದು. ಅದು ಕಾಡಿನಲ್ಲಿ ಬಿಲ್ಲು ಹಿಡಿದು ನಡೆದರೆ ಮಾತ್ರ, ನೀರಿನ ಮೇಲೆ ಕೋಲು ಹಿಡಿದು ಕುಳಿತರೆ ಅಲ್ಲ ಎಂದು ಯಾವ ಆಚಾರ್ಯರೂ ವಿನಾಯಿತಿ ಕೊಟ್ಟಿಲ್ಲ. ಹಿಂಸೆಯನ್ನು ಆರಂಭೀ, ಉದ್ಯೋಗೀ, ವಿರೋಧೀ, ಸಂಕಲ್ಪೀ ಎಂದು ನಾಲ್ಕಾಗಿ ವಿಂಗಡಿಸಿದಾಗ, ಅಡುಗೆ, ಬೇಸಾಯ, ಆತ್ಮರಕ್ಷಣೆಗಳಲ್ಲಿ ಗೃಹಸ್ಥನಿಗೆ ತಪ್ಪಿಸಲಾಗದ ಹಿಂಸೆ ಮೊದಲ ಮೂರರಲ್ಲಿ ಸೇರುತ್ತದೆ. ನಾಲ್ಕನೆಯದು ತಾನಾಗಿ ಬಯಸಿ ಮಾಡುವುದು. ಅಣುವ್ರತಿಯು ಅದನ್ನು ಪೂರ್ಣವಾಗಿ ತೊರೆಯಲೇಬೇಕು. ಗಾಳದ ವಿನೋದಕ್ಕೆ ಹಸಿವಿನ ಕಾರಣವಿಲ್ಲ, ವೃತ್ತಿಯ ಕಾರಣವಿಲ್ಲ, ರಕ್ಷಣೆಯ ಕಾರಣವಂತೂ ಇಲ್ಲ. ಬಯಕೆಯೊಂದನ್ನುಳಿದು ಅದಕ್ಕೆ ಬೇರೆ ಆಧಾರವೇ ಇಲ್ಲದಿರುವಾಗ ಅದು ಸಂಕಲ್ಪೀ ಹಿಂಸೆಯಲ್ಲದೆ ಮತ್ತೇನು? ಪ್ರಯೋಜನವಿಲ್ಲದ ಹಿಂಸೆಯೆಂಬ ಕಾರಣಕ್ಕೆ ಅನರ್ಥದಂಡವೂ ಆಗುತ್ತದೆ. ಒಂದೇ ಮಧ್ಯಾಹ್ನದಲ್ಲಿ ಎರಡು ವ್ರತಗಳಿಗೆ ಭಂಗ.

ಪ್ರಾಚೀನರು ಈ ವಿಷಯದಲ್ಲಿ ಎಷ್ಟು ಸೂಕ್ಷ್ಮವಾಗಿ ಯೋಚಿಸಿದ್ದರೆಂಬುದಕ್ಕೆ ಹದಿಮೂರನೆಯ ಶತಮಾನದ ಪಂಡಿತ ಆಶಾಧರರ ಸಾಗಾರ ಧರ್ಮಾಮೃತವನ್ನು ನೋಡಬಹುದು. ಬೇಟೆಯನ್ನು ತ್ಯಜಿಸಿದವನು ಬಟ್ಟೆಯ ಮೇಲೆ, ನಾಣ್ಯದ ಮೇಲೆ ಮೂಡಿಸಿದ ಪ್ರಾಣಿಯ ಆಕೃತಿಯನ್ನು ಸಹ ಕತ್ತರಿಸಬಾರದು ಎಂಬುದು ಅವರ ಅಭಿಪ್ರಾಯ. ಚಿತ್ರಕ್ಕೆ ನೋವಿಲ್ಲ, ಕತ್ತರಿಸುವವನ ಮನಸ್ಸಿಗೆ ರೂಢಿ ಬೀಳುತ್ತದೆ. ಕನ್ನಡಿಗರಿಗೆ ಇದನ್ನು ತಿಳಿಯಲು ಪಂಡಿತರ ನೆರವೂ ಬೇಡ. ಜನ್ನನು 1209ರಲ್ಲಿ ಮುಗಿಸಿದ ಯಶೋಧರ ಚರಿತೆಯಲ್ಲಿ ಬಲಿಯಾದದ್ದು ಹಿಟ್ಟಿನ ಕೋಳಿ. ಆ ಹಿಟ್ಟಿನ ಕೋಳಿಗಾಗಿ ತಾಯಿ-ಮಗ ಜನ್ಮಜನ್ಮಾಂತರ ತೊಳಲಿದರು, ಮಗನು ಒಂದು ಜನ್ಮದಲ್ಲಿ ಮೀನಾಗಿಯೂ ಹುಟ್ಟಿದನು. ಈ ಕಥೆಯನ್ನು ಮನೆಯಲ್ಲಿ ಓದಿಸಿ, ವಾರಾಂತ್ಯಕ್ಕೆ ಮಗನ ಚೀಲದಲ್ಲಿ ಗಾಳದ ನೂಲಿನ ಉಂಡೆಯನ್ನು ಇಟ್ಟು ಕಳುಹಿಸುವುದು ಎಂಥ ಸ್ವಾಧ್ಯಾಯ?

ತರುಣರ ಬಾಯಲ್ಲಿ ಬರುವ ಮೊದಲ ಸಮರ್ಥನೆ, ಹಿಡಿದದ್ದನ್ನು ಮತ್ತೆ ನೀರಿಗೆ ಬಿಡುತ್ತೇವೆ ಎಂಬುದು. ಮಿಶಿಗನ್ ಸರೋವರದ ದೋಣಿಯಲ್ಲಿ ಸಾಮಾನ್ಯವಾಗಿ ಈ ಮಾತಿಗೂ ಎಡೆಯಿಲ್ಲ. ಅಲ್ಲಿ ಸಿಕ್ಕ ಸಾಲ್ಮನ್ ಬಹುಮಟ್ಟಿಗೆ ಮಂಜುಗಡ್ಡೆಯ ಪೆಟ್ಟಿಗೆಗೆ ಹೋಗುತ್ತದೆ. ಇತರ ಕಡೆ ಬಿಡುತ್ತಾರೆಂದೇ ಒಪ್ಪೋಣ. ಬಿಡುವ ಮೊದಲು ನಡೆಯುವುದೇನು? ಕೊಕ್ಕೆ ತುಟಿಯನ್ನೋ ಗಂಟಲನ್ನೋ ಸೀಳುತ್ತದೆ. ಮೀನು ಬಳಲುವ ತನಕ ನೂಲನ್ನು ಬಿಟ್ಟು, ಸೆಳೆದು, ಮತ್ತೆ ಬಿಟ್ಟು ಆಡಿಸುತ್ತಾರೆ. ಆ ಸೆಣಸಾಟವೇ ಕ್ರೀಡೆಯ ತಿರುಳು. ಮೇಲೆತ್ತಿದಾಗ ಕಿವಿರುಗಳು ಗಾಳಿಯಲ್ಲಿ ಅಂಟಿಕೊಂಡು ಉಸಿರು ಕಟ್ಟುತ್ತದೆ. ಕೈಯ ಉಜ್ಜಾಟಕ್ಕೆ ಮೈಮೇಲಿನ ಲೋಳೆಯ ರಕ್ಷಾಪದರ ಕಳಚುತ್ತದೆ. ಈ ಸ್ಥಿತಿಯಲ್ಲಿಯೇ ಅದನ್ನು ಎದೆಯೆತ್ತರಕ್ಕೆ ಹಿಡಿದು ನಗುತ್ತ ಛಾಯಾಚಿತ್ರ ತೆಗೆಸಿಕೊಳ್ಳುತ್ತಾರೆ.

ಮೀನಿಗೆ ನೋವಿಲ್ಲವೆಂಬ ಹಳೆಯ ನಂಬಿಕೆಗೂ ಈಗ ನೆಲೆ ಉಳಿದಿಲ್ಲ. 2003ರಲ್ಲಿ ವಿಜ್ಞಾನಿ ಲಿನ್ ಸ್ನೆಡನ್ ಮತ್ತು ಸಂಗಡಿಗರು ಟ್ರೌಟ್ ಮೀನಿನ ತಲೆಯ ಭಾಗದಲ್ಲಿ ನೋವನ್ನು ಗ್ರಹಿಸುವ ನರತುದಿಗಳನ್ನು ಗುರುತಿಸಿ ತೋರಿಸಿದರು. ಬಿಟ್ಟ ಮೀನೆಲ್ಲ ಬದುಕುತ್ತದೆಂಬುದೂ ನಿಜವಲ್ಲ. 2005ರಲ್ಲಿ ಬಾರ್ಥಲೊಮ್ಯು ಮತ್ತು ಬೋನ್‌ಸಾಕ್ ಎಂಬವರು ಆ ತನಕದ 274 ಮರಣಪ್ರಮಾಣದ ಲೆಕ್ಕಗಳನ್ನು ಕಲೆಹಾಕಿ ನೋಡಿದಾಗ, ಬಿಟ್ಟ ಮೀನುಗಳಲ್ಲಿ ಸತ್ತವು ಸರಾಸರಿ ನೂರಕ್ಕೆ 18. ಜಾತಿಯನ್ನೂ ಕೊಕ್ಕೆ ಸಿಕ್ಕ ಜಾಗವನ್ನೂ ಅವಲಂಬಿಸಿ ಇದು ಬಹಳ ಏರುಪೇರಾಗುತ್ತದೆ. ಕೆಲವು ಕಡೆ ಒಂದೂ ಸಾಯದಿರಬಹುದು, ಕೆಲವು ಕಡೆ ಹೆಚ್ಚಿನವು ಸಾಯಬಹುದು. ಬಿಟ್ಟವನಿಗೆ ಮಾತ್ರ ಅದು ತಿಳಿಯುವುದಿಲ್ಲ. ಅವನು ನೀರಿಗೆ ಬೆನ್ನು ತಿರುಗಿಸಿ ಮುಂದಿನ ಎರೆ ಸಿಕ್ಕಿಸುತ್ತಿರುತ್ತಾನೆ.

ಇನ್ನೂ ಒಂದು ಸಂಗತಿಯುಂಟು. ಮಾಂಸಾಹಾರವೇ ರೂಢಿಯಾಗಿರುವ ಸ್ವಿಟ್ಜರ್ಲೆಂಡಿನಲ್ಲಿ 2008ರ ಪ್ರಾಣಿರಕ್ಷಣಾ ನಿಯಮಗಳು, ಮರಳಿ ಬಿಡುವ ಉದ್ದೇಶದಿಂದಲೇ ಗಾಳ ಹಾಕುವುದನ್ನು ನಿಷೇಧಿಸಿವೆ. ತಿನ್ನುವುದಕ್ಕೆಂದು ಹಿಡಿಯುವುದಾದರೆ ಅದಕ್ಕೊಂದು ಕಾರಣವಿದೆ. ಬರಿಯ ಆಟಕ್ಕೆಂದು ಜೀವಿಯನ್ನು ಹಿಂಸಿಸುವುದಕ್ಕೆ ಕಾರಣವೇ ಇಲ್ಲವೆಂಬುದು ಅಲ್ಲಿನ ವಿವೇಚನೆ. ಮೀನು ತಿನ್ನುವವರಿಗೆ ಹೊಳೆದ ಈ ಭೇದ, ಮೀನು ತಿನ್ನದವರ ಮನೆಗಳಲ್ಲಿ ಹೊಳೆಯದಿರುವುದು ಖೇದಕರ.

ಇಲ್ಲಿ ಕೆಲವರು ಪುರಾಣವನ್ನೇ ತಮ್ಮ ಪರವಾಗಿ ಎಳೆಯುತ್ತಾರೆ. ಮೀನು ಹಿಡಿದು ಬಿಟ್ಟ ಮೃಗಸೇನ ಧೀವರನಿಗೆ ಪುಣ್ಯ ಬಂತಲ್ಲವೇ ಎಂದು ಕೇಳುತ್ತಾರೆ. ಕಥೆಯನ್ನು ಅರ್ಧ ಕೇಳಿದವರ ಮಾತಿದು. ಅವಂತಿ ದೇಶದ ಮೃಗಸೇನನು ಬಡ ಬೆಸ್ತ. ಶಿಪ್ರಾ ನದಿಗೆ ಬಲೆ ಹೊತ್ತು ಹೋಗುವಾಗ ಮುನಿಗಳ ದರ್ಶನವಾಗಿ, ಬಲೆಗೆ ಮೊದಲು ಬಿದ್ದ ಮೀನನ್ನು ಕೊಲ್ಲುವುದಿಲ್ಲವೆಂಬ ಸಣ್ಣ ವ್ರತವನ್ನು ಸ್ವೀಕರಿಸಿದನು. ಅಂದು ಮೊದಲ ಸಲಕ್ಕೇ ದೊಡ್ಡ ಮೀನು ಬಿತ್ತು. ಗುರುತಿಗೆ ಬಟ್ಟೆಯ ಚೂರೊಂದನ್ನು ಕಟ್ಟಿ ಬಿಟ್ಟನು. ಬೇರೆ ಬೇರೆ ಕಡೆ ಬಲೆ ಬೀಸಿದರೂ ಅದೇ ಮೀನು ಬಂತು. ಹೀಗೆ ಐದು ಸಲ. ಐದು ಸಲವೂ ಬಿಟ್ಟನು. ಬರಿಗೈಯಲ್ಲಿ ಮನೆಗೆ ಬಂದಾಗ ಹೆಂಡತಿ ಬಾಗಿಲು ಹಾಕಿಕೊಂಡಳು. ಹೊರಗೆ ಮಲಗಿದವನನ್ನು ಹಾವು ಕಚ್ಚಿತು. ವ್ರತಕ್ಕಾಗಿ ಅನ್ನವನ್ನೂ, ಮನೆಯ ಆಸರೆಯನ್ನೂ, ಕೊನೆಗೆ ಪ್ರಾಣವನ್ನೂ ಕಳೆದುಕೊಂಡವನು ಅವನು. ಮರುಜನ್ಮದಲ್ಲಿ ಐದು ಮರಣಗಳಿಂದ ಪಾರಾದದ್ದು ಆ ತ್ಯಾಗದ ಫಲ. ಮೃಗಸೇನನು ಬೆಸ್ತನಾಗಿದ್ದುದರಿಂದ ಹಿಡಿದನು, ವ್ರತಿಯಾದುದರಿಂದ ಬಿಟ್ಟನು. ಈಗಿನ ವಿನೋದಿಯು ಬಿಡುವುದಕ್ಕೆ ಕಾರಣ ಬೇರೆ: ಬಿಟ್ಟರೆ ತಾನೆ ಇನ್ನೊಮ್ಮೆ ಹಿಡಿಯಲು ಸಿಗುವುದು? ಮೃಗಸೇನನ ಮೀನಿಗೆ ಕಟ್ಟಿದ ಬಟ್ಟೆಯ ಚೂರು ಅಭಯದ ಗುರುತು. ದೊಡ್ಡ ಮೀನಿನ ತೂಕ ಬರೆದಿಟ್ಟುಕೊಂಡು ಬಿಡುವ ದಫ್ತರ ಅಂಥದ್ದಲ್ಲ.

ದಿನವೆಲ್ಲ ಕುಳಿತರೂ ಒಂದೂ ಸಿಗಲಿಲ್ಲ, ಹಾಗಾಗಿ ಪಾಪವೂ ಇಲ್ಲವೆನ್ನುವವರಿಗೆ ಮೃಗಸೇನನ ಕಥೆಯನ್ನು ಹೇಳಿರುವ ಸೋಮದೇವ ಸೂರಿಗಳೇ ಉತ್ತರ ಕೊಟ್ಟಿದ್ದಾರೆ. ರಾಷ್ಟ್ರಕೂಟ ಮೂರನೆಯ ಕೃಷ್ಣನ ಕಾಲದಲ್ಲಿ, ಕ್ರಿ.ಶ. 959ರಲ್ಲಿ ಮುಗಿದ ಯಶಸ್ತಿಲಕದಲ್ಲಿ ಅವರು ಬೆಸ್ತನನ್ನೂ ಬೇಸಾಯಗಾರನನ್ನೂ ಎದುರುಬದುರು ನಿಲ್ಲಿಸುತ್ತಾರೆ. ನೇಗಿಲಿನಡಿ ಎಷ್ಟೋ ಜೀವಗಳು ಸಾಯುತ್ತವೆ, ಆದರೆ ರೈತನ ಮನಸ್ಸಿನಲ್ಲಿ ಕೊಲ್ಲುವ ಚಿಂತನೆಯಿಲ್ಲ; ಬಲೆ ಬೀಸಿದವನು ಏನನ್ನೂ ಕೊಲ್ಲದೆ ಮರಳಿದರೂ ಅವನ ಚಿಂತನೆಯೆಲ್ಲ ಅದೇ ಆಗಿತ್ತು. ಆದುದರಿಂದ ಪಾಪ ಯಾರದೆಂಬುದನ್ನು ಸತ್ತ ಜೀವಗಳ ಎಣಿಕೆಯಿಂದ ತೀರ್ಮಾನಿಸಲಾಗದು. ಮಕ್ಕಳಿಗೆ ಅನ್ನ ಹುಡುಕಿಕೊಂಡು ಹೋದ ಬೆಸ್ತನಿಗೇ ಸೂರಿಗಳು ಇಷ್ಟು ಕಠಿಣವಾಗಿದ್ದರೆ, ಹೊಟ್ಟೆ ತುಂಬಿದ ಮೇಲೆ ಹೊತ್ತು ಕಳೆಯಲು ಹೋದವನಿಗೆ ಅವರ ಬಳಿ ಯಾವ ರಿಯಾಯಿತಿ ಇದ್ದೀತು?

ಗಾಳವನ್ನೇ ಮುಟ್ಟದೆ ದೋಣಿಯಲ್ಲಿ ಸುಮ್ಮನೆ ಕುಳಿತಿರುವವನ ಮಾತೇನು? ಕೃತ, ಕಾರಿತ, ಅನುಮೋದನ ಎಂಬ ಮೂರು ದಾರಿಗಳಿಂದಲೂ ಕರ್ಮ ಬರುತ್ತದೆಂದು ಪಾಠಶಾಲೆಯ ಬಾಲಕನೂ ಬಲ್ಲ. ಗೆಳೆಯನ ಗಾಳ ಬಿಗಿಯಾದಾಗ ಎದ್ದು ನಿಂತು ಚಪ್ಪಾಳೆ ತಟ್ಟುವುದು ಅನುಮೋದನವೇ. ಶಾಲಿಸಿಕ್ಥ ಮತ್ಸ್ಯದ ದೃಷ್ಟಾಂತ ಇದಕ್ಕೆಂದೇ ಹುಟ್ಟಿದಂತಿದೆ. ಸ್ವಯಂಭೂರಮಣ ಸಮುದ್ರದ ಮಹಾಮತ್ಸ್ಯದ ಮೈಯಲ್ಲಿ ವಾಸಿಸುವ ಅಕ್ಕಿಕಾಳಿನಷ್ಟು ಗಾತ್ರದ ಆ ಮೀನು ಯಾವ ಜೀವಿಯನ್ನೂ ನುಂಗಲಿಲ್ಲ. ದೊಡ್ಡ ಮೀನಿನ ತೆರೆದ ಬಾಯೊಳಗೆ ಹೋಗಿ ಬರುವ ಜಲಚರಗಳನ್ನು ಕಂಡು, ತಾನಾಗಿದ್ದರೆ ಒಂದನ್ನೂ ಬಿಡುತ್ತಿರಲಿಲ್ಲವೆಂದು ಮನಸ್ಸಿನಲ್ಲಿ ಎಣಿಸಿತು. ಅಷ್ಟಕ್ಕೇ ಅದು ಏಳನೆಯ ನರಕಕ್ಕಿಳಿಯಿತು. ಗೆಳೆಯನ ಕೈಯಿಂದ ತಪ್ಪಿಸಿಕೊಂಡ ಮೀನಿಗಾಗಿ ಅಯ್ಯೋ ಎಂದು ಮರುಗುವ ಪ್ರೇಕ್ಷಕನು ಮರುಗುವುದು ಮೀನಿನ ಪರವಾಗಿ ಅಲ್ಲವೆಂಬುದನ್ನು ನೆನೆಯಬೇಕು.

ಇಷ್ಟೆಲ್ಲದರ ನಡುವೆ ನಿಜವಾಗಿ ಯೋಚಿಸತಕ್ಕ ವಾದ ಒಂದೇ. ಗಾಳದ ಕ್ರೀಡೆಯವರೇ ಮೀನಿನ ಸಂತತಿಯನ್ನು ಉಳಿಸಿದರೆಂಬುದು ಆ ವಾದ. ಕುಣಿಗಲ್ ಸೀಮೆಗೆ ಇದು ದೂರದ ವಿಷಯವಲ್ಲ. ಮಾರ್ಕೋನಹಳ್ಳಿಯಿಂದ ಹರಿದ ಶಿಂಷೆಯ ನೀರು ಕಾವೇರಿಯನ್ನು ಸೇರುವುದು ಆ ಕಣಿವೆಯ ಕಡೆಯಲ್ಲಿಯೇ. ಕಾವೇರಿಯ ಮಹಶೀರ್ ಬ್ರಿಟಿಷರ ಕಾಲದಿಂದ ಪ್ರಸಿದ್ಧ. ಮೈಸೂರಿನಲ್ಲಿ ಹುಲಿ-ಚಿರತೆಗಳ ಚರ್ಮವನ್ನು ಹದಮಾಡಿ ಜೀವಂತವೆಂಬಂತೆ ನಿಲ್ಲಿಸುವ ಕಾರ್ಖಾನೆ ನಡೆಸುತ್ತಿದ್ದ ವ್ಯಾನ್ ಇಂಗೆನ್ ಮನೆತನದವರೊಬ್ಬರು 1946ರಲ್ಲಿ ಹಿಡಿದ 120 ಪೌಂಡಿನ ಮಹಶೀರ್ ದಾಖಲೆಯಾಗಿ ನಿಂತಿದೆ. ಅನಂತರದ ದಶಕಗಳಲ್ಲಿ ಭೀಮೇಶ್ವರಿ, ಗಾಳಿಬೋರೆ, ದೊಡ್ಡಮಾಕಳಿಗಳಲ್ಲಿ ಹಿಡಿದು ಬಿಡುವ ಗಾಳದ ಶಿಬಿರಗಳು ನಡೆದವು. ಮೀನಿಗೆ ಸಿಡಿಮದ್ದು ಹಾಕುತ್ತಿದ್ದ ಕಾಲದಲ್ಲಿ ಈ ಶಿಬಿರಗಳ ಕಾವಲು ನದಿಗೆ ಉಪಕಾರ ಮಾಡಿತೆಂಬುದನ್ನು ಅಲ್ಲಗಳೆಯಬೇಕಾಗಿಲ್ಲ. ಸ್ಥಳೀಯರಿಗೆ ಅಲ್ಲಿ ಉದ್ಯೋಗ ದೊರೆತದ್ದೂ ನಿಜ. ಅಭಯಾರಣ್ಯದೊಳಗಿನ ಗಾಳವೂ 1972ರ ವನ್ಯಜೀವಿ ಕಾಯಿದೆಯ ಅರ್ಥದಲ್ಲಿ ಬೇಟೆಯೇ ಎಂಬ ನಿಲುವಿನಿಂದಾಗಿ 2012ರ ವೇಳೆಗೆ ಆ ಕ್ರೀಡೆ ನಿಂತಿತು. ಆಖೇಟದ ವಿಷಯದಲ್ಲಿ ಸರಕಾರವೂ ಶ್ರಾವಕಾಚಾರವೂ ಒಂದೇ ಮಾತಾಡಿದ ಅಪರೂಪದ ಸಂದರ್ಭವಿದು.

ಆದರೆ ಆ ಉಪಕಾರದ ಲೆಕ್ಕವನ್ನು ಪೂರ್ತಿ ಓದಬೇಕು. ಗಾಳಿಬೋರೆಯಲ್ಲಿ 1998ರಿಂದ 2012ರ ತನಕ ಗಾಳದವರೇ ಬರೆದಿಟ್ಟ ದಾಖಲೆಗಳನ್ನು ವಿಜ್ಞಾನಿಗಳು ಪರಿಶೀಲಿಸಿದಾಗ ಕಂಡದ್ದು ಬೇರೆಯೇ. ಹಿಡಿದ ಮೀನುಗಳ ಒಟ್ಟು ಸಂಖ್ಯೆ ಹೆಚ್ಚಿತ್ತು. ಹೆಚ್ಚಿದ್ದು ಹೊರಗಿನಿಂದ ತಂದು ಬಿಟ್ಟ ನೀಲಿ ರೆಕ್ಕೆಯ ಮಹಶೀರ್. ಕಾವೇರಿಯದೇ ಆದ, ಬೆನ್ನುಬ್ಬಿದ ಮಹಶೀರ್ ಆ ವರ್ಷಗಳಲ್ಲಿಯೇ ಕುಸಿದಿತ್ತು. 2018ರಲ್ಲಿ ಅದನ್ನು ಅಳಿವಿನ ಅಂಚಿನ ಜೀವಿಯೆಂದು ಅಂತರರಾಷ್ಟ್ರೀಯ ಪಟ್ಟಿಯಲ್ಲಿ ಸೇರಿಸಲಾಯಿತು. ಕ್ರೀಡೆಗೆ ಮೀನು ಹೆಚ್ಚಲೆಂಬ ಹಂಬಲ ಮತ್ತು ನದಿಯ ಜೀವವನ್ನು ಉಳಿಸುವ ಹಂಬಲ ಎರಡೂ ಒಂದೇ ಅಲ್ಲವೆಂಬುದು ಮಿಶಿಗನ್ ಸರೋವರದಲ್ಲಿ ಕಂಡಂತೆ ಇಲ್ಲಿಯೂ ಕಾಣುತ್ತದೆ. ಕೊಕ್ಕೆಯಿಲ್ಲದೆ ಮೀನು ಉಳಿಯಲಾರದೆಂಬುದೂ ಸುಳ್ಳು. ಶೃಂಗೇರಿಯ ತುಂಗೆಯಲ್ಲಿ, ಶಿಶಿಲದ ಕಪಿಲೆಯಲ್ಲಿ ಮಹಶೀರ್‌ಗಳು ಭಕ್ತರ ಕೈಯಿಂದ ಪುರಿ ತಿಂದು ಬದುಕಿವೆ. 1996ರಲ್ಲಿ ಶಿಶಿಲದ ಮೀನುಗಳಿಗೆ ದುಷ್ಕರ್ಮಿಗಳು ವಿಷ ಹಾಕಿದಾಗ ಊರವರು ದುಃಖಿಸಿ ಸ್ಮಾರಕವನ್ನೇ ನಿಲ್ಲಿಸಿದರು.

ತರುಣರನ್ನು ತಿದ್ದುವ ಮಾತು ಇಲ್ಲಿಗೆ ಸಾಕು. ಹಿರಿಯರ ಕಡೆ ತಿರುಗಬೇಕಾಗಿದೆ. ದೊಡ್ಡ ಕೆರೆಗಳ ಮೀನಿನ ಹಕ್ಕನ್ನು ಸರಕಾರ ಗುತ್ತಿಗೆಗೆ ಕೊಡುತ್ತದೆ. ಗುತ್ತಿಗೆದಾರನಿಗೆ ಮುಂಗಡ ಬೇಕು, ಕಾಟ್ಲಾ-ರೋಹು ಮರಿಗಳಿಗೆ ಹಣ ಬೇಕು, ಬಲೆಗೆ ಬೇಕು. ಆ ಹಣವನ್ನು ಬಡ್ಡಿಗೆ ಕೊಟ್ಟವನು ಯಾರೆಂದು ಕೆರೆ ಕೇಳುವುದಿಲ್ಲ. ಹಿಂಸೆಯ ಉಪಕರಣವನ್ನು ಒದಗಿಸುವುದು ಹಿಂಸಾದಾನವೆಂಬ ಅನರ್ಥದಂಡ. ಬಲೆಯನ್ನು ಕೊಡುವುದಕ್ಕೂ ಬಲೆಯ ಹಣವನ್ನು ಕೊಡುವುದಕ್ಕೂ ನಡುವೆ ಗೆರೆ ಎಳೆಯುವ ಜಾಣತನ ಲೇವಾದೇವಿಯ ಪುಸ್ತಕದಲ್ಲಿ ನಡೆದೀತು, ಪ್ರತಿಕ್ರಮಣದಲ್ಲಿ ನಡೆಯದು. ಮಗನ ಗಾಳದ ಬಗ್ಗೆ ತಂದೆ ಬಾಯಿ ಬಿಡದಿರುವುದಕ್ಕೆ ಕೆಲವು ಮನೆಗಳಲ್ಲಿ ಇದೂ ಕಾರಣವಿದ್ದೀತು. ಗುತ್ತಿಗೆಯ ಬಡ್ಡಿಯನ್ನು ಉಣ್ಣುವವನು ವಿನೋದವನ್ನು ಬಿಡು ಎಂದು ಹೇಳಿದರೆ ಕೇಳುವ ಮಗನಾದರೂ ಯಾರು?

ದೇವಾಲಯಗಳ ಟ್ರಸ್ಟುಗಳ ವಿಷಯವೂ ಉಂಟು. ಬಸದಿಯ ಹತ್ತಿರದ ಕೆರೆಯಲ್ಲಿ ಬೆಸ್ತರು ಬಲೆ ಹಾಕಿದರೆಂದು ಮನವಿ ಬರೆಯಲು ಟ್ರಸ್ಟುಗಳಿಗೆ ತಡವಾಗುವುದಿಲ್ಲ. ಬಡವನ ಬಲೆ ಕಣ್ಣಿಗೆ ಬೀಳುತ್ತದೆ. ಕಾರಿನಲ್ಲಿ ಬಂದವನ ಬೆಲೆಬಾಳುವ ಗಾಳದ ಕೋಲು ಬೀಳುವುದಿಲ್ಲ. ಯಾತ್ರಿನಿವಾಸದ ಕೋಣೆಯಲ್ಲಿ ಆ ಕೋಲನ್ನಿಟ್ಟು ಹೊರಟವನ ಹೆಸರು ಮರುದಿನ ದಾನಿಗಳ ಪಟ್ಟಿಯಲ್ಲಿದ್ದರಂತೂ ಪ್ರಶ್ನೆಯೇ ಏಳುವುದಿಲ್ಲ. 1580ರ ದಶಕದಲ್ಲಿ ಹೀರವಿಜಯ ಸೂರಿಗಳ ಕೋರಿಕೆಯಂತೆ ಅಕ್ಬರನು ಫತೇಪುರ ಸಿಕ್ರಿಯ ಬಳಿಯ ದೊಡ್ಡ ಕೆರೆಯಲ್ಲಿ ಮೀನು ಹಿಡಿಯುವುದನ್ನು ನಿಲ್ಲಿಸಿದ ಕಥೆಯನ್ನು ಉತ್ಸವದ ಭಾಷಣಗಳಲ್ಲಿ ಕೇಳುತ್ತೇವೆ. ಸೂರಿಗಳು ಆ ಮಾತನ್ನು ಆಡಿದ್ದು ಬೆಸ್ತರ ಗುಡಿಸಲಿನ ಮುಂದಲ್ಲ, ಬೇಟೆಯಲ್ಲಿ ಬಹು ಆಸಕ್ತಿಯಿದ್ದ ದೊರೆಯ ಮುಂದೆ.

ಭಾದ್ರಪದದ ದಶಲಕ್ಷಣ ಪರ್ವ ಬರುವ ಹೊತ್ತಿಗೆ ತುಮಕೂರು, ಗುಬ್ಬಿ, ಕುಣಿಗಲ್ ಸೀಮೆಯ ಕೆರೆಗಳಿಗೆ ನೀರು ಬರುತ್ತಿರುತ್ತದೆ, ವಾರಾಂತ್ಯದ ಗುಂಪುಗಳೂ ಬರತೊಡಗುತ್ತವೆ. ಆ ಹತ್ತು ದಿನಗಳ ಪ್ರವಚನಗಳಲ್ಲಿ ಒಂದನ್ನು ಅನರ್ಥದಂಡ ವಿರತಿಗೆ ಮೀಸಲಿಡುವುದು ಟ್ರಸ್ಟುಗಳಿಗೆ ಭಾರವಾಗದು. ಅಂದು ಉಪದೇಶ ಕಡಮೆಯಾಗಿ ಪ್ರಶ್ನೋತ್ತರ ಹೆಚ್ಚಾಗಲಿ. ಗಾಳದ ದೋಣಿಗೆ ಕರೆದ ಗೆಳೆಯನ ಸ್ನೇಹ ಕೆಡದಂತೆ ಬರುವುದಿಲ್ಲವೆಂದು ಹೇಳುವ ಬಗೆಯನ್ನು ಪರದೇಶದಿಂದ ಬಂದ ಮಕ್ಕಳು ಕೇಳಲಿ. ಆ ಗೆಳೆಯನು ತನ್ನ ಪದ್ಧತಿಯಂತೆ ನಡೆಯುವವನು, ಅವನನ್ನು ಹೀಗಳೆಯುವುದು ವ್ರತದ ಭಾಗವಲ್ಲವೆಂಬುದನ್ನೂ ಅಲ್ಲಿಯೇ ತಿಳಿಸಬಹುದು. ಕೆರೆಯ ಗುತ್ತಿಗೆಯ ಹಣದ ಬಗ್ಗೆಯೂ ಮಕ್ಕಳು ಕೇಳಲಿ. ಆ ಪ್ರಶ್ನೆಗೆ ಮೊದಲು ಉತ್ತರಿಸಬೇಕಾದವರು ಮುಂದಿನ ಸಾಲಿನ ಕುರ್ಚಿಗಳಲ್ಲಿ ಕುಳಿತಿರುತ್ತಾರೆ.